ಸಾಲಿನೊಳಗಿನ ಅಂತರ

ಕಾಗದ ಇನ್ನೂ ಬೆಚ್ಚಗಿತ್ತು. ಸಂದೇಶ ಅದನ್ನು ಎರಡು ಕೈಯಲ್ಲಿ ಹಿಡಿದು, ಪ್ರಸಾದ ಕೊಡುವವರ ಹಾಗೆ, ಮಹೇಶ್ವರಿಯ ಮುಂದಿಟ್ಟ. "ನೋಡಿ ಅಕ್ಕೋರೆ, ಎಫ್ ದೊಡ್ಡದು ಬಂತು, ಪಿ ಸಣ್ಣದು ಬಂತು, ಅಂದ್ರೆ ಈ ಫರಕು ಸುಮ್ಮನೆ ಆಕಸ್ಮಿಕ ಅಲ್ಲ. ಇನ್ನು ನಿಮ್ಮ ಗೈಡ್ ಮಾತಾಡೂದಕ್ಕೆ ಎಂತ ಉಳೀತು?" ಅಂದ. ಸಿರ್ಸಿ ಬಸ್ ಸ್ಟ್ಯಾಂಡಿನ ಹಿಂದಿನ ಅವನ ಝೆರಾಕ್ಸ್ ಅಂಗಡಿಯಲ್ಲಿ ಒಂದು ಕಡೆ ಆಧಾರ್ ಕಾರ್ಡಿಗೆ ಪ್ಲಾಸ್ಟಿಕ್ ಹಾಕಿಸುವವರ ಗದ್ದಲ, ಇನ್ನೊಂದು ಕಡೆ ಫ್ಯಾನಿನ ಗಾಳಿಗೆ ಪಟಪಟ ಅನ್ನುವ ಲಗ್ನಪತ್ರಿಕೆ ಮಾದರಿಗಳು. ಗೆದ್ದವರಿಗೆ ಆಗಬೇಕಾದ್ದು ಏನೂ ಅವಳಿಗೆ ಆಗಲಿಲ್ಲ. ಹಾಳೆಯನ್ನು ತಿರುಗಿಸಿ ಖಾಲಿ ಹಿಂಬದಿಯನ್ನೂ ನೋಡಿದಳು. ಮೂರು ಶಾಲೆ, ನಾಲ್ಕು-ಐದನೇ ತರಗತಿಯ ಮಕ್ಕಳು, ಎಲ್ಲರಿಗೂ ಒಂದೇ ಪಾಠ, ಒಂದು ನಿಮಿಷಕ್ಕೆ ಎಷ್ಟು ಶಬ್ದ ಓದುತ್ತಾರೆ ನೋಡುವುದು. ನೌಕರಿ ಮಾಡುತ್ತಲೇ ಅವಳು ಕಟ್ಟಿಕೊಂಡ ಪಿಎಚ್‌ಡಿ ಅಂದರೆ ಇಷ್ಟೆ. ಒಂದು ಅವಳು ಕಲಿಸುವ ಪೇಟೆ ಶಾಲೆ. ಒಂದು ಸಿದ್ದಾಪುರದ ದಾರಿಯಲ್ಲಿಳಿದು ಒಳಗೆ ನಡೆದರೆ ಸಿಗುವ ಹಲಸಿನಜಡ್ಡಿಯದು. ಮೂರನೆಯದು ಯಲ್ಲಾಪುರದ ಆಚೆ, ಇಡಗುಂದಿಯನ್ನೂ ದಾಟಿ, ಕಟ್ಟಿನಗದ್ದೆಯದು. "ಎಫ್ ಬರೀ ಇಷ್ಟು ಹೇಳ್ತದೆ, ಮೂರೂ ಒಂದೇ ಅಲ್ಲ ಅಂತ. ಯಾವುದು ಬೇರೆ ಅಂತ ಈ ಕೆಳಗಿನ ಕೋಷ್ಟಕ ಹೇಳ್ತದೆ," ಅಂದು ಸಂದೇಶ ಪೆನ್ನಿನ ತುದಿ ಇಟ್ಟ. "ಪೇಟೆಗೂ ಹಲಸಿನಜಡ್ಡಿಗೂ ಎಂತ ಫರಕಿಲ್ಲ. ಈ ಕಟ್ಟಿನಗದ್ದೆ ನೋಡಿ, ಬಿದ್ದೇ ಹೋಯ್ತು." ಕ್ರಿಕೆಟ್ಟಿನಲ್ಲಿ ವಿಕೆಟ್ ಬಿದ್ದ ಖುಷಿ ಅವನ ದನಿಯಲ್ಲಿ. ಮೇಲ್ಗಡೆ ಇನ್ನೊಂದು ಸಣ್ಣ ಸಾಲಿತ್ತು. "ಇದು ಏನ್ರಿ?" ಅಂದಳು. "ಅದಾ? ಮೂರು ಗುಂಪಿನ ಒಳಗಿನ ಹರಡಿಕೆ, ಮಗುವಿಂದ ಮಗುವಿಗೆ ಎಷ್ಟು ಹೆಚ್ಚುಕಮ್ಮಿ ಅನ್ನೂದು, ಒಂದೇ ನಮೂನೆ ಇದೆಯಾ ಅಂತ ನೋಡೂದು. ಇಲ್ಲ ಅಂತ ಬಂದಿದೆ. ಬಿಡಿ, ಅದನ್ನ ಯಾರೂ ಕೇಳೂದಿಲ್ಲ."

ಯಾರೂ ಕೇಳುವುದಿಲ್ಲ ಅನ್ನುವುದನ್ನು ಅವಳು ಒಮ್ಮೆ ನಂಬಿ ಕೆಟ್ಟಿದ್ದಳು. ಧಾರವಾಡದಲ್ಲಿ ಗೈಡ್ ಸರ್ ಕೋಣೆ, ಸುತ್ತ ಅವಳ ಮಗಳಷ್ಟು ವಯಸ್ಸಿನ ಹುಡುಗ ಹುಡುಗಿಯರು, ಎಲ್ಲರ ತೊಡೆಯ ಮೇಲೂ ಲ್ಯಾಪ್‌ಟಾಪು. "ಮೇಡಂ, ಈ ಎಫ್ ಅಂದ್ರ ಏನ್ರಿ?" ಅಂತ ಸರ್ ಕೇಳಿದ್ದರು. ಗದರಿಸಿಯೂ ಇರಲಿಲ್ಲ, ಚಹಾ ಬಂತೇನ್ರಿ ಅಂತ ಕೇಳುವಷ್ಟು ಸಹಜವಾಗಿಯೇ ಕೇಳಿದ್ದು. ಅವಳ ಬಾಯಿಗೆ ಬಂದದ್ದು, "ಅದು ಕಂಪ್ಯೂಟರ್ ಕೊಡ್ತೈತಿ ಸರ್." ನಗೆ ಮೊದಲು ಕಿಟಕಿಯ ಕಡೆಯಿಂದ ಎದ್ದು ಆಮೇಲೆ ಕೋಣೆಯನ್ನೆಲ್ಲ ಸುತ್ತಿತು. ಸರ್ ನಗಲಿಲ್ಲ, ಅದೇ ಹೆಚ್ಚು ಚುಚ್ಚಿತು. ಇಪ್ಪತ್ತು ವರ್ಷ ಬೇರೆಯವರ ಮಕ್ಕಳಿಗೆ, ಗೊತ್ತಿಲ್ಲದಿದ್ದರ ಗೊತ್ತಿಲ್ಲ ಅನ್ರಿ, ಅಂತ ಹೇಳಿಕೊಂಡು ಬಂದವಳು. ಆವತ್ತಿನಿಂದ ಸಂದೇಶನ ಅಂಗಡಿಗೆ ಬಂದಾಗಲೆಲ್ಲ ಅವನು, "ಹಾಳೆ ಇಟ್ಟು ಹೋಗಿ, ಸಂಜೆ ರಿಸಲ್ಟ್ ತಗಂಡು ಹೋಗಿ" ಅಂದರೆ, "ಬ್ಯಾಡ್ರಿ, ನನಗ ಕಲೀಬೇಕು" ಅಂತ ಸ್ಟೂಲಿನ ಮೇಲೆ ಕೂತುಬಿಡುತ್ತಿದ್ದಳು. ಕಂಪ್ಯೂಟರಿನಲ್ಲಿ ಯಾವ ಕಡೆ ಒತ್ತಬೇಕು, ಯಾವ ಹೆಸರನ್ನು ಯಾವ ಮನೆಯೊಳಗೆ ಎಳೆದು ಬಿಡಬೇಕು, ಅದು ಕೈಗೆ ಬಂದಿತ್ತು. ಆದರೆ ಕೈಗೆ ಬಂದದ್ದು ಮನಸ್ಸಿಗೆ ಬರಬೇಕಲ್ಲ. ಕಡೆಗೆ ಅದು ಬಂದದ್ದು ಯಾರೋ ಕಲಿಸಿದ್ದರಿಂದಲ್ಲ, ಬನವಾಸಿ ಕಡೆ ಒಂದು ಮದುವೆ ಊಟದಲ್ಲಿ, ಎಲೆಯ ಮುಂದೆ ಕೂತಾಗ. ಮೂರು ಪಂಕ್ತಿ ಕೂತಿತ್ತು. ಗೋದಿ ಹುಗ್ಗಿ ಬಡಿಸುವವರು ಗೋಡೆ ಬದಿಯ ಪಂಕ್ತಿಗೆ ಕೈ ಬಿಗಿಹಿಡಿದರು ಅಂತ ಹಿಂದೆ ಯಾರೋ ಗೊಣಗಿದರು. ಅವಳು ತಲೆ ಎತ್ತಿ ನೋಡಿದಳು. ಆ ಪಂಕ್ತಿಯೊಳಗೇ ಒಂದು ಎಲೆಯ ಮೇಲೆ ಎರಡು ಸೌಟು, ಪಕ್ಕದ್ದರ ಮೇಲೆ ಬೆರಳಿಗೆ ಹತ್ತುವಷ್ಟು. ಹಾಗಿದ್ದರೆ ಪಂಕ್ತಿಗೆ ಕಡಿಮೆಯಾಯಿತು ಅನ್ನುವುದು ಹೇಗೆ? ಎಲೆ ಎಲೆಗೆ ಇರುವ ಏರುಪೇರಿಗಿಂತ ಪಂಕ್ತಿ ಪಂಕ್ತಿಗೆ ಇರುವ ಏರುಪೇರು ಎಷ್ಟೋ ಪಟ್ಟು ದೊಡ್ಡದಾಗಿದ್ದರೆ ಮಾತ್ರ ಬಡಿಸುವವನ ಕೈ ಹಿಡಿದು ಕೇಳಬಹುದು. ಆ ಎಷ್ಟೋ ಪಟ್ಟು ಅನ್ನುವುದೇ ಎಫ್. ಅನ್ನ ಕಲಸುವುದನ್ನು ಬಿಟ್ಟು ಅವಳು ನಕ್ಕದ್ದನ್ನು ಕಂಡು ಗಂಡ ಗಿರೀಶ, "ಯಾಕ, ಉಪ್ಪು ಬಿತ್ತೇನು ಹುಗ್ಗ್ಯಾಗ?" ಅಂದಿದ್ದ.

ಫೋನು ಪರ್ಸಿನೊಳಗೆ ಗುರುಗುಟ್ಟಿತು. ನೋಡದೆಯೇ ಗೊತ್ತಾಯಿತು. ಪ್ರತಿಭಾ, ಕಟ್ಟಿನಗದ್ದೆ ಶಾಲೆಯ ಒಬ್ಬಳೇ ಟೀಚರ್. ಟ್ರೈನಿಂಗ್ ಓದುವಾಗ ಹಾಸ್ಟೆಲ್ಲಿನಲ್ಲಿ ಇಬ್ಬರದೂ ಒಂದೇ ಕೋಣೆ, ಒಂದೇ ಬಕೆಟ್ಟು. "ಏನವ್ವಾ ಪಂಡಿತಿ, ತೂಗಿದೇನು ನಿನ್ನ ತಕ್ಕಡ್ಯಾಗ ನಮ್ಮ ಹುಡುಗರನ್ನ?" ಮಹೇಶ್ವರಿ ಹಾಳೆಯನ್ನು ಮಡಚಿದಳು, ಫೋನಿಗೂ ಕಣ್ಣಿದ್ದ ಹಾಗೆ. "ಇನ್ನೂ ಇಲ್ಲ, ಮಾಡಾಕತ್ತೇನಿ" ಅಂದಳು. "ಲಗೂನ ಮಾಡ ಮಾರಾಯ್ತಿ. ಬರೋ ವಾರ ಯಲ್ಲಾಪುರದಾಗ ಮೀಟಿಂಗ್ ಐತಿ. ಸಣ್ಣ ಶಾಲಿ ಎಲ್ಲ ಕೂಡಸ್ತಾರಂತ. ಮಕ್ಕಳ ಓದಿನ ಬಗ್ಗೆ ಯಾರರ ಬರದದ್ದಿದ್ರ ತರ್ರಿ ಅಂದಾರ. ನಿಂದೊಂದು ಹಾಳಿ ಕೊಟ್ಟಬಿಡು, ಮುಂದ ಹಿಡಿದು ಕುಂದರ್ತೀನಿ." ಆಮೇಲೆ ದನಿ ತಗ್ಗಿತು. "ಮುಚ್ಚಿದ್ರ ನಮ್ಮವು ಇಡಗುಂದಿ ತನಕ ಕಾಡಿನ್ಯಾಗ ನಡೀಬೇಕಲೇ. ಗಂಡು ಹುಡುಗರು ಹೆಂಗರ ಹೋದಾವು. ಹೆಣ್ಣು ಹುಡುಗ್ಯಾರನ್ನ ಯಾರು ಕಳಸ್ತಾರ? ಮನ್ಯಾಗ ಕುಂದರಸ್ತಾರ ಅಷ್ಟ." ಮಹೇಶ್ವರಿ ಹೂಂ ಅಂದಳು. ಮತ್ತೊಮ್ಮೆ ಹೂಂ ಅಂದಳು. ಸಂದೇಶ ಮುಂದಿನ ಗಿರಾಕಿಯ ಫೋಟೋದ ಹಿಂದಿನ ಗೋಡೆಯನ್ನು ನೀಲಿ ಮಾಡುತ್ತಿದ್ದ. ಅವಳು ಮಡಚಿದ ಹಾಳೆಯನ್ನು ಮತ್ತೆ ಬಿಡಿಸಿದಳು. ಅದರಲ್ಲಿ ಬರೆದದ್ದು ಸುಳ್ಳಲ್ಲವಲ್ಲ, ಅವಳೇ ಕೂತು ಓದಿಸಿದ್ದು, ಅವಳೇ ಗಡಿಯಾರ ನೋಡಿದ್ದು. ಸೋಮವಾರ ಅಧ್ಯಾಯ ಕಳಿಸದಿದ್ದರೆ ಪಿಎಚ್‌ಡಿಗೆ ಹೆಚ್ಚಿಗೆ ಕೊಟ್ಟ ಅವಧಿಯೂ ಮುಗಿದು ಹೆಸರು ತೆಗೆಯುತ್ತಾರೆ. ಕಳಿಸಿದರೆ, ಕಟ್ಟಿನಗದ್ದೆಯ ಮಕ್ಕಳು ಮಿಕ್ಕವರಿಗಿಂತ ಹಿಂದೆ ಎಂಬ ಮಾತಿಗೆ ಅವಳ ಸಹಿ. ಅದೇ ಹಾಳೆಯನ್ನು ಯಾರಾದರೂ ಯಲ್ಲಾಪುರದ ಮೇಜಿನ ಮೇಲೆ ಬಿಡಿಸಿ ಇಡುತ್ತಾರೆ, ಪ್ರತಿಭಾ ಇಡದಿದ್ದರೂ.

ದಾರಿಯಲ್ಲೇ ಗೈಡ್ ಸರ್‌ಗೆ ಫೋನಿನಲ್ಲಿ ಛಲೋ ರಿಸಲ್ಟ್ ಬಂದೈತಿ ಅಂದು ಮನೆಗೆ ಬಂದವಳಿಗೆ ಕೂತಲ್ಲಿ ಕೂರಲಾಗಲಿಲ್ಲ. ಒಗೆದ ಬಟ್ಟೆ ಮಡಚಿದಳು, ಮಡಚಿದ್ದನ್ನು ಬಿಚ್ಚಿ ಮತ್ತೆ ಮಡಚಿದಳು. ಕಡೆಗೆ ಊಟದ ಮೇಜಿನ ಮೇಲೆ ಕಾಗದ ಹರಡಿಕೊಂಡು, ಕಂಪ್ಯೂಟರ್ ಬೇಡ, ಕೈಯಾರೆ ಮಾಡಿ ನೋಡುತ್ತೇನೆ ಅಂತ ಕೂತಳು. ತನ್ನ ಅಂಗಡಿ ಮುಚ್ಚಿ ಬಂದ ಗಿರೀಶ ಚಪ್ಪಲಿ ಬಿಡುತ್ತಲೇ, "ಈ ಎಫ್ ನಮ್ಮ ಮನ್ಯಾಗ ಬಾಡಿಗಿ ಇಲ್ಲದ ಎಷ್ಟು ವರ್ಷ ಇರತೈತೋ" ಅಂದ. ಅವಳು ನಗಲಿಲ್ಲ. ಒಂದೊಂದು ಶಾಲೆಯ ಸರಾಸರಿ ತೆಗೆದಳು. ಒಂದೊಂದು ಮಗು ಆ ಸರಾಸರಿಯಿಂದ ಎಷ್ಟು ದೂರ ನಿಂತಿದೆ ಅಂತ ಕಳೆದಳು, ಕಳೆದದ್ದನ್ನು ಅದರಿಂದಲೇ ಗುಣಿಸಿದಳು. ಕಟ್ಟಿನಗದ್ದೆಯ ಲೆಕ್ಕ ಹಿಡಿಯುವುದೇ ಕಷ್ಟವಾಯಿತು. ಒಂದು ಮಗು ಸಂತೆಗೆ ಹೊರಟವರ ಹಾಗೆ ದಡದಡ ಓದಿದೆ, ಇನ್ನೊಂದು ನಾಲ್ಕು ಶಬ್ದಕ್ಕೆ ನಿಂತಿದೆ. ಗುಣಿಸಿದರೆ ಅಂಕಿ ಕಾಗದದ ಅಂಚು ದಾಟುತ್ತದೆ. ತನ್ನ ಶಾಲೆಯದನ್ನು ಕೊನೆಗಿಟ್ಟು ಹಲಸಿನಜಡ್ಡಿಗೆ ಬಂದಾಗ ಪೆನ್ನು ತಾನಾಗಿ ಓಡಿತು. ಎರಡು, ಮೂರು, ಐದು, ಒಂದು. ಎಲ್ಲ ಮಕ್ಕಳೂ ಸರಾಸರಿಗೆ ಅಂಟಿಕೊಂಡೇ ನಿಂತಿದ್ದರು, ಫೋಟೋ ತೆಗೆಸಿಕೊಳ್ಳಲು ನಿಂತವರ ಹಾಗೆ. ಓಡುತ್ತಿದ್ದ ಪೆನ್ನು ನಿಂತಿತು. ಇಷ್ಟು ವರ್ಷ ಕಲಿಸಿದ್ದಾಳೆ, ಯಾವ ಊರಿನ ಯಾವ ತರಗತಿ ಹೀಗಿರುತ್ತದೆ? ಒಬ್ಬನೂ ತಡವರಿಸದ, ಒಬ್ಬಳೂ ಅಕ್ಷರದ ಮೇಲೆ ಬೆರಳಿಟ್ಟು ಆಕಾಶ ನೋಡದ ತರಗತಿ? ಆವತ್ತು ಹಲಸಿನಜಡ್ಡಿಯಲ್ಲಿ ಎಷ್ಟು ಸಲೀಸಾಗಿತ್ತು ಕೆಲಸ. ಬಿಸಿಯೂಟದ ಕೋಣೆಯಲ್ಲಿ ಮಕ್ಕಳ ದನಿ ಕೇಳುತ್ತಿತ್ತು, ತೆಂಗಿನಕಾಯಿ ತುರಿಯುವ ಸದ್ದಿತ್ತು. ಬಿಳಿ ರಿಬ್ಬನ್ನಿನ ಒಂದು ಹುಡುಗಿ ತಟ್ಟೆಯಲ್ಲಿ ಚಹಾ ತಂದು ಇಟ್ಟು, ಮುಖ ನೋಡದೆ ಓಡಿದ್ದಳು. ಐದನೇ ತರಗತಿಯ ಎತ್ತರದ ಹುಡುಗಿ. ಮಹೇಶ್ವರಿ ಚಹಾ ಕುಡಿದಿದ್ದಳು, ಚಹಾ ಚೆನ್ನಾಗಿತ್ತು.

ಆ ತಟ್ಟೆಯ ಭಾರ ಮಹೇಶ್ವರಿಗೆ ಗೊತ್ತಿತ್ತು. ಸ್ಟೀಲಿನ ತಟ್ಟೆ, ಮೇಲೆ ಮೂರು ಕಪ್ಪು-ಬಸಿ, ಕೈ ನಡುಗಿದರೆ ಕಪ್ಪು ಬಸಿಯಲ್ಲಿ ಹಲ್ಲು ಕಡಿಯುತ್ತದೆ. ಬನವಾಸಿ ಕಡೆಯ ಅವಳ ಊರಿನ ಶಾಲೆಗೆ ಸಾಹೇಬರು ತಪಾಸಣೆಗೆ ಬಂದ ದಿನ ಅವಳ ಲಂಗಕ್ಕೆ ಅವ್ವ ಇಸ್ತ್ರಿ ತಿಕ್ಕಿದ್ದಳು, ತಂಬಿಗೆಯಲ್ಲಿ ಕೆಂಡ ಹಾಕಿ. ಮಾಸ್ತರು ಬೆಳಿಗ್ಗೆಯೇ ಕರೆದು, "ನೀ ಜಾಣಿ, ಚಹಾದ ಕಡೆ ನೋಡ್ಕೋ" ಅಂದರು. ಜಾಣಿ ಅಂದದ್ದಕ್ಕೆ ಉಬ್ಬಿದ್ದಳು. ಅವಳಿಗಿನ್ನೂ ಒತ್ತಕ್ಷರ ಓದಲು ಬರುತ್ತಿರಲಿಲ್ಲ. ಒಲೆಯ ಹೊಗೆ ಕುಡಿದು, ತಟ್ಟೆ ಹಿಡಿದು ಒಳಗೆ ಹೋದಾಗ ಸಾಹೇಬರು ಕನ್ನಡಕದ ಮೇಲಿನಿಂದ ನೋಡಿ, "ಯಾವ ಕ್ಲಾಸವ್ವ ನೀನು?" ಅಂದರು. ಅವಳು ಬಾಯಿ ತೆರೆಯುವುದರೊಳಗೆ ಮಾಸ್ತರು, "ಇಲ್ರೀ ಸರ, ಆಕಿ ಅಡಗಿ ಮಾಡಾಕಿ ಸಂಗಾತ ಬಂದಾಕಿ" ಅಂದರು. ಅಷ್ಟೆ. ಯಾರೂ ಹೊಡೆಯಲಿಲ್ಲ, ಬಯ್ಯಲಿಲ್ಲ. ಗೆಳತಿಯರು ಕೂತ ಸಾಲು ಅವಳನ್ನು ನೋಡಿತು, ನೋಡದ ಹಾಗೆ ಮಾಡಿತು. ಮನೆಗೆ ಹೋಗಿ ಅವ್ವನಿಗೆ, ಸಾಹೇಬರು ನನ್ನ ಮಾತಾಡಿಸಿದರು ಅಂತ ಹೇಳಿದ್ದಳು. ಅವ್ವ ಅದನ್ನು ಓಣಿಗೆಲ್ಲ ಹೇಳಿದ್ದಳು. ಮಹೇಶ್ವರಿ ಮೇಜಿನ ಮೇಲಿನ ಅಂಕಿಗಳನ್ನು ಮತ್ತೆ ನೋಡಿದಳು, ಬಿಳಿ ರಿಬ್ಬನ್ನಿನವಳು ತನ್ನ ಮುಂದೆ ಓದಲು ಕೂತ ನೆನಪೇ ಇರಲಿಲ್ಲ. "ಎದ್ದು ಉಣ್ಣು, ಅನ್ನ ಆರತೈತಿ," ಅಂದ ಗಿರೀಶ. "ನಾಳೆ ಹಲಸಿನಜಡ್ಡಿಗೆ ಹೋಗ್ಬೇಕು," ಅಂದಳು. "ಮುಗದಿತ್ತಲ್ಲ ಅದು?" "ಮುಗದಿಲ್ಲ."

ಶನಿವಾರ ಅರ್ಧ ದಿನದ ಶಾಲೆ. ಅವಳು ರಜೆ ಹಾಕಿ ಸಿದ್ದಾಪುರದ ಬಸ್ಸು ಹತ್ತಿದಳು. ಬಸ್ಸಿನಲ್ಲಿ ಕಿಟಕಿ ಬದಿಯ ಸೀಟು ಸಿಕ್ಕಿದರೂ ಹೊರಗೆ ಏನು ಕಂಡಿತು ಅಂತ ಕೇಳಿದರೆ ಹೇಳುವ ಹಾಗಿರಲಿಲ್ಲ. ಏನಂತ ಕೇಳುವುದು ಅಷ್ಟು ಹಿರಿಯರನ್ನು? ನಿಮ್ಮ ಹುಡುಗರ ಹರಡಿಕೆ ಸಣ್ಣದಾಯಿತು ಅಂತಲೇ? ಹಲಸಿನಜಡ್ಡಿಯ ನಾಗಪತಿ ಮಾಸ್ತರು ನಿವೃತ್ತಿಗೆ ಹತ್ತಿರವಾದವರು, ಬೆಳ್ಳಗಿನ ಮನುಷ್ಯ, ಅಂಗಿಯ ಜೇಬಿನಲ್ಲಿ ಸೀಮೆಸುಣ್ಣ. ಅವಳನ್ನು ಕಂಡು ಅಂಗಳಕ್ಕೇ ಇಳಿದು ಬಂದರು. "ಬನ್ನಿ ಅಕ್ಕೋರೆ, ಬನ್ನಿ. ಆಸರಿಗೆ ಎಂತ ಕೊಡ್ಲಿ? ಮಜ್ಜಿಗೆ ಅಡ್ಡಿಲ್ಯಾ?" ಅವಳು ಏನೂ ಬೇಡ ಅಂದಳು. ಬೇಡ ಅಂದದ್ದು ಒರಟಾಯಿತು ಅನ್ನಿಸಿ, ಆಮೇಲೆ ಕುಡೀತೀನ್ರಿ ಅಂದಳು. ಕುರ್ಚಿಯ ತುದಿಯಲ್ಲಿ ಕೂತು, ಒಮ್ಮೆಲೇ, "ಸರ್, ಆವತ್ತು ಎಲ್ಲಾ ಮಕ್ಕಳೂ ಓದಿದ್ವೇನ್ರಿ?" ಅಂದಳು. ಮಾಸ್ತರು ಅವಳನ್ನು ನೋಡಿದರು. ಸಿಕ್ಕಿಬಿದ್ದವರ ಮುಖ ಅದಾಗಿರಲಿಲ್ಲ. ದೇವರ ಮನೆಯ ಕತ್ತಲೆಯಲ್ಲಿ ಏನಿದೆ ಅಂತ ಕೇಳಿದವರನ್ನು ನೋಡುವ ಹಾಗೆ ನೋಡಿದರು. "ಓದುವವು ಎಲ್ಲಾ ಓದಿದ್ವು," ಅಂದರು. "ಓದದವು?" "ಅವನ್ನ ಎಂತಕ್ಕೆ ಓದಿಸೂದು, ಅಕ್ಕೋರೆ? ಎದ್ದು ನಿಂತ್ರೆ ಅಳ್ತವೆ. ನಿಮ್ಮ ಕೈಯಲ್ಲಿ ಗಡಿಯಾರ ಬೇರೆ. ಮನೆಗೆ ನೆಂಟರು ಬಂದಾಗ ಹರಕು ಚಾಪೆ ಹಾಸ್ತೇವಾ? ಹರಕು ಅಂತ ಬಿಸಾಡೂದೂ ಇಲ್ಲ. ಒಳಗೆ ಇಟ್ಕಳ್ತೇವೆ. ಅಡುಗೆ ಕೋಣೆಯಲ್ಲಿ ಕಾಯಿ ತುರ್ಕಂಡು, ನಕ್ಕಂಡು ಇದ್ವು ಆವತ್ತು. ಅವಕ್ಕೆ ಅದೇ ಸುಖ."

ಮಾತಿನಲ್ಲಿ ಒಂಚೂರೂ ಕೆಟ್ಟದ್ದಿರಲಿಲ್ಲ. ಅದೇ ಅವಳನ್ನು ಕಂಗೆಡಿಸಿತು. ಸಿಟ್ಟು ತಂದುಕೊಂಡು ಬಂದಿದ್ದಳು, ಅದನ್ನು ಎಲ್ಲಿ ಇಳಿಸುವುದು ಗೊತ್ತಾಗಲಿಲ್ಲ. ಆ ಮಕ್ಕಳನ್ನು ಬಿಟ್ಟರೆ ಲೆಕ್ಕ ತಪ್ಪುತ್ತದೆ ಸರ್, ನಿಮ್ಮದು ಮೇಲೆ ಹೋಗಿ ಇನ್ನೊಂದು ಶಾಲೆ ಕೆಳಗೆ ಬಿತ್ತು, ಆ ಶಾಲೆ ಮುಚ್ಚುವ ಮಾತು ನಡೆದಿದೆ ಅಂತೆಲ್ಲ ಹೇಳಿದಳು. ಮಾಸ್ತರು ಕೇಳುತ್ತ ಕೇಳುತ್ತ ಸೀಮೆಸುಣ್ಣವನ್ನು ಜೇಬಿನಿಂದ ತೆಗೆದು ಮೇಜಿನ ಮೇಲಿಟ್ಟರು. "ಓ, ಹಾಂಗಾ," ಅಂದರು. "ಯಾರ ಶಾಲೆಯನ್ನೂ ಬೀಳಿಸ್ಬೇಕು ಅಂತ ಇರ್ಲಿಲ್ಲೆ ನಂಗೆ." ಮನೆ ಮಾತು ತಪ್ಪಿ ಬಾಯಿಗೆ ಬಂದಿತ್ತು. ಆಮೇಲೆ ಕೇಳಿದರು, "ನಿಮ್ಮ ಪೇಟೆ ಶಾಲೆಯಲ್ಲಿ ಎಲ್ಲಾ ಓದಿದ್ವಾ?" ಅವಳು ಹೌದು ಅನ್ನಲು ಬಾಯಿ ತೆರೆದಳು. ಶಿವರಂಜನಿಯ ಮುಖ ಎದುರು ನಿಂತಿತು. ಅವಳದೇ ತರಗತಿಯ ಹುಡುಗಿ, ಹಿಂದಿನ ಬೆಂಚಿನವಳು. ಆ ದಿನ ಓದಿಸಲು ಶುರು ಮಾಡುವ ಮುಂಚೆ ಅವಳನ್ನೂ ಇನ್ನೂ ಕೆಲವರನ್ನೂ ಕರೆದು, "ನೀವು ಹೋಗ್ರಿ, ಗಿಡಕ್ಕ ನೀರು ಹಾಕ್ರಿ, ಬಿಸಿಲಿಗೆ ಬಾಡ್ಯಾವ" ಅಂದಿದ್ದು ಯಾರು? ಅದನ್ನು ಅವಳು ಮುಚ್ಚಿಟ್ಟಿರಲಿಲ್ಲ, ಮರೆತೂ ಇರಲಿಲ್ಲ. ಅದೊಂದು ಸಂಗತಿ ಅಂತಲೇ ತಲೆಗೆ ಹೋಗಿರಲಿಲ್ಲ. ಮಕ್ಕಳು ಕುಣಿಯುತ್ತ ಹೋಗಿದ್ದರು. ಶಿವರಂಜನಿಯಂತೂ ಬಕೆಟ್ಟನ್ನು ತಲೆಯ ಮೇಲೆ ಕವುಚಿಕೊಂಡು ಓಡಿದ್ದಳು, ಅದನ್ನು ಕಂಡು ಮಹೇಶ್ವರಿ ನಕ್ಕಿದ್ದಳು ಕೂಡ. "ಇಲ್ರೀ ಸರ್," ಅಂದಳು. ಮಾಸ್ತರು ತಲೆಯಾಡಿಸಿದರು, ಗೆದ್ದವರ ಹಾಗಲ್ಲ, ಜೊತೆ ಸಿಕ್ಕವರ ಹಾಗೆ.

ಮಾಸ್ತರು ಎದ್ದು ಅಡುಗೆ ಕೋಣೆಯ ಬಾಗಿಲಿಗೆ ಹೋಗಿ ಕೂಗಿದರು. ಮಕ್ಕಳು ಒಂದೊಂದಾಗಿ ಬಂದರು, ಕೈಯನ್ನು ಬಟ್ಟೆಗೆ ಒರೆಸಿಕೊಳ್ಳುತ್ತ. ಬಿಳಿ ರಿಬ್ಬನ್ನಿನ ಹುಡುಗಿ ಎಲ್ಲರ ಹಿಂದೆ ಬಾಗಿಲ ಚೌಕಟ್ಟಿಗೆ ಅಂಟಿ ನಿಂತಳು. "ಬಾರೆ ಮಧುರಾ, ಹೆದ್ರಡ. ಅಕ್ಕೋರು ಎಂತೂ ಮಾಡ್ತ್ವಿಲ್ಲೆ," ಅಂದರು ಮಾಸ್ತರು. ಎಂತೂ ಮಾಡುವುದಿಲ್ಲ ಅನ್ನುವುದು ನಿಜವೇ ಅಂತ ಮಹೇಶ್ವರಿಗೇ ಗೊತ್ತಿರಲಿಲ್ಲ. ಒಂದು ಹುಡುಗ ನಿಜವಾಗಿ ಅತ್ತ. ಇನ್ನೊಬ್ಬ ಪಾಠವನ್ನೆಲ್ಲ ಬಾಯಿಪಾಠ ಒಪ್ಪಿಸಿದ, ಬೆರಳು ಬೇರೆ ಸಾಲಿನ ಮೇಲಿತ್ತು. ಅವಳು ಪುಟ ತಿರುಗಿಸಿದಾಗ ಸುಮ್ಮನಾದ. ಮಧುರಾ ಕೂತಳು. ಅಕ್ಷರವನ್ನು ಅಕ್ಷರದ ಪಕ್ಕ ಇಟ್ಟು ತಳ್ಳಿದಳು, ಭಾರದ ಕಲ್ಲು ತಳ್ಳುವ ಹಾಗೆ. ಕಾ-ಗೆ. ಕಾಗೆ. ಹಾ-ರಿ. ಹಾರಿ. ನಿಮಿಷ ಮುಗಿಯಿತು. ಮಹೇಶ್ವರಿ, ಸಾಕವ್ವ ಅಂದಳು. ಮಧುರಾ ನಿಲ್ಲಿಸಲಿಲ್ಲ. ಒಂದು ಸಾಲು ಮುಗಿಸಿಯೇ ಬಿಡುತ್ತೇನೆ ಅಂತ ತಲೆ ತಗ್ಗಿಸಿ ತಳ್ಳುತ್ತಲೇ ಹೋದಳು. ರೆಕ್ಕೆಯ ಒತ್ತಕ್ಷರಕ್ಕೆ ಬಂದು ನಿಂತಳು, ಹಿಂದೆ ಹೋದಳು, ಮತ್ತೆ ಬಂದಳು. ಗಡಿಯಾರ ಸುಮ್ಮನೆ ಓಡುತ್ತಿತ್ತು. ಕೊನೆಗೆ ಪೂರ್ಣವಿರಾಮ ಬಂದಾಗ ಅದರ ಮೇಲೆ ಬೆರಳೊತ್ತಿ ತಲೆ ಎತ್ತಿದಳು. ಬರೆಯಬೇಕಾದದ್ದು ನಿಮಿಷದೊಳಗಿನದು ಮಾತ್ರ, ಹಾಗಾಗಿ ಮಹೇಶ್ವರಿ ಅಷ್ಟನ್ನೇ ಬರೆದಳು. ಬಹಳ ಸಣ್ಣ ಅಂಕಿ ಅದು. ಬಾಗಿಲಲ್ಲಿ ನಿಂತಿದ್ದ ಮಾಸ್ತರು, "ಇವಳಿಗೆ ಇಷ್ಟಾದ್ರೂ ಬರ್ತು ಹೇಳಿ ನಂಗೇ ಗೊತ್ತಿರ್ಲಿಲ್ಲೆ" ಅಂದರು, ಯಾರಿಗೂ ಅಲ್ಲದ ಹಾಗೆ.

ಸೋಮವಾರ ಬೆಳಿಗ್ಗೆ ಪ್ರಾರ್ಥನೆಗೆ ಮುಂಚೆಯೇ ಅವಳು ಶಿವರಂಜನಿಯನ್ನೂ ನೀರಿನ ಗುಂಪಿನವರನ್ನೂ ಗ್ರಂಥಾಲಯದ ಕೋಣೆಯಲ್ಲಿ ಓದಿಸಿದಳು. ಶಿವರಂಜನಿ ಪುಸ್ತಕ ನೋಡಿ, "ಟೀಚರ್, ಗಿಡಕ್ಕೆ ನೀರು ಹಾಕಿ ಬರ್ತೇನೆ" ಅಂತ ಎದ್ದಳು. ಕೂರು ಅಂದದ್ದು ಅವಳು ಅಂದುಕೊಂಡದ್ದಕ್ಕಿಂತ ಗಟ್ಟಿಯಾಗಿ ಬಂತು. ಹುಡುಗಿ ಕೂತಳು, ಆದರೆ ಅವಳ ಕಣ್ಣು ಬದಲಾಯಿತು. ಇಷ್ಟು ದಿನ ಅಕ್ಕರೆಯ ಟೀಚರ್ ಆಗಿದ್ದವಳು ಈಗ ಎದುರಿಗೆ ಗಡಿಯಾರ ಹಿಡಿದು ಕೂತವಳು. ಅದು ನ್ಯಾಯವೇ ಅನ್ನಿಸಿತು ಮಹೇಶ್ವರಿಗೆ, ಅನ್ನಿಸಿದರೂ ನೋವು ಹೋಗಲಿಲ್ಲ. ಮೊದಲ ಅವಧಿ ಬೇರೆಯವರಿಗೆ ವಹಿಸಿ ಸಂದೇಶನ ಅಂಗಡಿಗೆ ಓಡಿದಳು. ಈ ಸಲ ಅವನನ್ನು ಏಳಿಸಿ ತಾನೇ ಕುರ್ಚಿಯಲ್ಲಿ ಕೂತು, ಹೊಸ ಅಂಕಿಗಳನ್ನು ಆಯಾ ಶಾಲೆಯ ಕೆಳಗೆ ಸೇರಿಸಿ, ತಾನೇ ಒತ್ತಿದಳು. ಎಫ್ ಒಂದರ ಗೆರೆಯನ್ನೂ ಮುಟ್ಟಲಿಲ್ಲ. ಪಿ ಇರಬೇಕಾದ್ದಕ್ಕಿಂತ ಎಷ್ಟೋ ಪಟ್ಟು ಉಬ್ಬಿತ್ತು. "ಅಯ್ಯಯ್ಯೋ ಅಕ್ಕೋರೆ," ಅಂದ ಸಂದೇಶ ಹಿಂದಿನಿಂದ ಬಗ್ಗಿ, "ಹೊಡೆದ ಲಾಟರಿ ಹರಿದು ಹಾಕಿದ್ರಲ್ಲ! ಎಂತ ಮಾಡಿದ್ರಿ?" "ಅಡಗಿ ಮನ್ಯಾಗ ಇದ್ದವರನ್ನೂ ಎಲಿ ಮುಂದ ಕೂಡಿಸಿದೆ" ಅಂದಳು. ಅವನಿಗೆ ಅರ್ಥವಾಗಲಿಲ್ಲ. ಯಾರೂ ಕೇಳದ ಆ ಮೇಲಿನ ಸಾಲನ್ನು ಅವಳು ನೋಡಿದಳು: ಮೂರೂ ಶಾಲೆಯೊಳಗಿನ ಹರಡಿಕೆ ಈಗ ಒಂದೇ ನಮೂನೆ. ಶಾಲೆ ಶಾಲೆಗೆ ಇರುವ ಅಂತರ, ಒಂದೇ ಕೋಣೆಯ ಮಕ್ಕಳ ನಡುವಿನ ಅಂತರದಷ್ಟೂ ಇಲ್ಲ. ಮೂರೂ ಸಮ ಅಂತ ಇದು ಹೇಳುವುದಿಲ್ಲ, ಬೇರೆ ಅನ್ನಲು ಆಧಾರವಿಲ್ಲ ಅಂತಷ್ಟೇ ಹೇಳುತ್ತದೆ. ಆದರೆ ಒಂದಂತೂ ಎದ್ದು ಕಾಣುತ್ತಿತ್ತು. ಎಲ್ಲ ಅಂತರವೂ ಒಳಗೇ ಇತ್ತು.

ಅಂಗಡಿಯ ಮೆಟ್ಟಿಲ ಮೇಲೆ ನಿಂತೇ ಪ್ರತಿಭಾಗೆ ಫೋನು ಮಾಡಿದಳು. ಮೊದಲು ಬಂದದ್ದು, ಯಾಕೆ ಹಾಗೆ ಬಂತು, ಈಗ ಬಂದದ್ದು, ಎಲ್ಲ ಹೇಳಿದಳು. ಆ ಕಡೆ ಮಕ್ಕಳ ಗದ್ದಲ ಕೇಳುತ್ತಿತ್ತು. "ಅಂದ್ರ ಮೊದಲ ನಾವು ಬಿದ್ದಿದ್ವಿ. ನನಗ ಹೇಳಲಿಲ್ಲ ನೀನು," ಅಂದಳು ಪ್ರತಿಭಾ. "ಇಲ್ಲ." "ನಾ ಅವತ್ತ ಇದ್ದವರನ್ನೆಲ್ಲಾ ಕೂಡಿಸಿದ್ದೆ. ಜ್ವರ ಬಂದಿದ್ದ ಬೈರನ ಮಗಳನ್ನೂ ಕರ್ಕೊಂಡು ಬಂದಿದ್ದೆ. ಕೂಡಸಬಾರದಿತ್ತೇನು?" ಮಹೇಶ್ವರಿ, "ನೀ ಮಾಡಿದ್ದ ಸರಿ" ಅಂದಳು. "ಹೋಗಲಿ ಬಿಡು. ಈಗ ನಮ್ಮ ಹುಡುಗರು ಓದತಾವ ಅಂತ ಬಂತೇನು?" "ಇಲ್ಲ. ನಮ್ಮ ಪೇಟಿ ಹುಡುಗರೂ ಅಷ್ಟ ಓದಂಗಿಲ್ಲ ಅಂತ ಬಂತು."  ಪ್ರತಿಭಾ ಗದ್ದಲ ಮಾಡುವವರನ್ನು ಗದರಿಸಿ, "ಅದನ್ನ ಬರದು ಕೊಡ್ತೀಯೇನು? ನಿನ್ನ ಶಾಲಿ ಹೆಸರು ಹಾಕಿ?" ಅಂದಳು. ಹಾಸ್ಟೆಲ್ಲಿನಲ್ಲಿ, ನನ್ನ ಸೋಪು ತಗೊಂಡಿದ್ದು ನೀನ ಅಲ್ಲ? ಅಂತ ಕೇಳುತ್ತಿದ್ದ ದನಿಯೇ. "ಕೊಡ್ತೀನಿ." "ನಿಮ್ಮ ಹೆಡ್‌ಮಾಸ್ತರು ಸುಮ್ಮನ ಬಿಡ್ತಾರ?" "ಬಿಡಂಗಿಲ್ಲ." "ಹಂಗಾರ ಬಸ್ಸಿಗೆ ಕೊಟ್ಟು ಕಳಸಬ್ಯಾಡ. ನೀನ ಬಾ ಯಲ್ಲಾಪುರಕ್ಕ. ನನಗ ಆ ಎಫ್ಫು ಪಿಫ್ಫು ಹೇಳಾಕ ಬರಂಗಿಲ್ಲ. ಬಂದು ನಿಂತು ಹೇಳು." ಬರುತ್ತೇನೆ ಅಂದಳು. ಪ್ರತಿಭಾ ಥ್ಯಾಂಕ್ಸ್ ಹೇಳದೆ ಫೋನಿಟ್ಟಳು.

ಗೈಡ್ ಸರ್ ಫೋನು ಬಂದದ್ದು ಮಧ್ಯಾಹ್ನ, ಅವಳು ಐದನೇ ತರಗತಿಯ ಬಾಗಿಲಲ್ಲಿದ್ದಾಗ. ಕಳಿಸಿದ ಹೊಸ ಕೋಷ್ಟಕ ನೋಡಿದ್ದರು. "ಏನ್ರಿ ಮೇಡಂ, ಶುಕ್ರವಾರ ಫೋನ್‌ನಾಗ ಛಲೋ ರಿಸಲ್ಟ್ ಐತಿ ಅಂದ್ರಿ. ಇದರಾಗ ಏನೂ ಇಲ್ಲಲ್ಲ?" ಅವಳು ನಡೆದದ್ದನ್ನು ಹೇಳಿದಳು. ಸರ್ ತಾಳ್ಮೆಯಿಂದ ಕೇಳಿದರು. ಕೆಟ್ಟ ಮನುಷ್ಯರಲ್ಲ ಅವರು. "ನೋಡ್ರಿ, ಈಗ ಮತ್ತ ಹೊಸದಾಗಿ ಬರೀಬೇಕಂದ್ರ ಟೈಮಿಲ್ಲ, ಇವತ್ತ ಕೊನೇ ದಿನ. ಆ ಮಕ್ಕಳು ಅವತ್ತ ಗೈರು ಇದ್ರು ಅಂತ ಒಂದು ಮಾತು ಬರದು, ಹಳೇ ಟೇಬಲ್ಲನ್ನ ಇಡ್ರಿ. ಗೈರಾದವರನ್ನ ಬಿಡೋದು ತಪ್ಪಲ್ಲ, ಎಲ್ಲಾರೂ ಬಿಡ್ತಾರ." "ಅವರು ಹಾಜರಿದ್ರು ಸರ್." "ಗೊತ್ತಾತ್ರಿ. ಆದರ ಹಂಗ ಬರದ್ರ..." "ಹಾಜರಿದ್ರು ಸರ್," ಅಂದಳು ಮತ್ತೆ, ಅಷ್ಟೇ ಮೆಲ್ಲಗೆ. ಸರ್ ಉಸಿರುಬಿಟ್ಟರು. "ಹಂಗಾದ್ರ ಈ ಸಲ ಆಗೂದಿಲ್ಲ. ಹೆಸರು ಹೋಗ್ತದ. ಮತ್ತ ಮೊದಲಿಂದ ಅರ್ಜಿ. ನಿಮಗ ವಯಸ್ಸೂ ಆತು." "ಹೌದ್ರಿ ಸರ್." ಅವರು ಇನ್ನೂ ಏನೋ ಹೇಳುತ್ತಿದ್ದರು, ಮಕ್ಕಳ ಗದ್ದಲದಲ್ಲಿ ಕೇಳಲಿಲ್ಲ. ಮಾತು ಮುಗಿದ ಮೇಲೆ ಫೋನನ್ನು ಪರ್ಸಿನೊಳಗೆ ಹಾಕಿದಳು. ಚೌಕಟ್ಟು ಹಿಡಿದು ನಿಂತಳು. ಸಮಾಧಾನ ಬರಬಹುದು ಅಂದುಕೊಂಡಿದ್ದಳು, ಬರಲಿಲ್ಲ. ಹೋದ ವರ್ಷಗಳೆಲ್ಲ ಒಮ್ಮೆಲೇ ಲೆಕ್ಕ ಕೇಳಿದ ಹಾಗಾಯಿತು.

ಒಳಗೆ ಹೋದಳು. ಮಕ್ಕಳು ಎದ್ದು ರಾಗವಾಗಿ ನಮಸ್ತೆ ಟೀಚರ್ ಅಂದವು, ಕೂತವು. ಯಾವ ಪಾಠ ಅಂತ ಕೂಡ ನೋಡದೆ ಪುಸ್ತಕ ತೆಗೆದು, "ಯಾರು ಓದ್ತೀರಿ?" ಅಂದಳು. ಎಂದಿನಂತೆ ಮುಂದಿನ ಎರಡು ಬೆಂಚಿನಿಂದ ಕೈಗಳು ಎದ್ದವು, ಟೀಚರ್ ನಾನು, ನಾನು ಟೀಚರ್. ಎಂದಿನ ಹಾಗಾದರೆ ಒಂದು ಕೈ ತೋರಿಸಿ, ಓದು ಮುಗಿಸಿ, ಅರ್ಥ ಹೇಳುವಷ್ಟರಲ್ಲಿ ಗಂಟೆ ಹೊಡೆಯುತ್ತಿತ್ತು. ಅವಳು ಯಾರನ್ನೂ ತೋರಿಸಲಿಲ್ಲ. ಹಿಂದಿನ ಬೆಂಚು ಪುಸ್ತಕದೊಳಗೆ ಮುಖ ಹುದುಗಿಸಿತ್ತು. ಶಿವರಂಜನಿ ಕಿಟಕಿಯ ಕಡೆ ನೋಡುತ್ತಿದ್ದಳು. ಎಲ್ಲಿಂದ ಶುರು ಮಾಡಬೇಕು ಅನ್ನುವುದು ಮಹೇಶ್ವರಿಗೆ ನಿಜಕ್ಕೂ ಗೊತ್ತಿರಲಿಲ್ಲ. ಗೊತ್ತಿಲ್ಲ ಅಂತ ಮಕ್ಕಳಿಗೆ ಹೇಳಿಬಿಡಲೇ ಅನ್ನಿಸಿತು. ನಾನು ನಾನು ಅನ್ನುವ ದನಿಗಳು ಕಡಿಮೆಯಾದವು. ತರಗತಿ ಅವಳ ಮುಖ ನೋಡತೊಡಗಿತು. ಎತ್ತಿದ ಕೈಗಳು ನೋಯತೊಡಗಿ, ಇನ್ನೊಂದು ಕೈಯ ಆಸರೆ ಪಡೆದು, ಒಂದೊಂದಾಗಿ ಕೆಳಗಿಳಿದವು. ಹಿಂದಿನ ಬೆಂಚಿನ ಕಡೆ ನೋಡುತ್ತ ಅವಳು ಇನ್ನೂ ಕಾಯುತ್ತಿದ್ದಳು.